ಚೀಲದ ಲೆಕ್ಕ

ನಾನು ಬರೆಯುವುದು ಚೀಲದ ಲೆಕ್ಕ.
ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲಿನಲ್ಲಿ
ಹೊಗೆಗೆ ಬಣ್ಣ ಕಳೆದುಕೊಂಡ ಏಳನೇ ಬಾಗಿಲು,
ಬಾಗಿಲ ಹಿಂದೊಂದು ಮೇಜು,
ಮೇಲೆ ನಾನೇ ಗೀಟು ಹಾಕಿದ ಪುಸ್ತಕ.
ಹೆಸರು, ತಾರೀಖು, ಚೀಲ,
ಬಾರದ ದಿನದ ಕಾರಣಕ್ಕೊಂದು ಇಕ್ಕಟ್ಟಾದ ಮನೆ,
ಅದರ ಪಕ್ಕ ರೂಪಾಯಿ.

ಹನ್ನೊಂದು ವರ್ಷ ಆ ಇಕ್ಕಟ್ಟಿನಲ್ಲಿ
ಒಂದೇ ಮಾತು ಬರೆದಿದ್ದೇನೆ:
ಹೊಟ್ಟೆನೋವು.

ಮುಟ್ಟಾದರೆ ಹೊಟ್ಟೆನೋವು.
ಮುಟ್ಟು ನಿಂತರೂ ಹೊಟ್ಟೆನೋವು.
ಮೂರು ತಿಂಗಳ ಬಸುರಿ ಜೈತೂನಬಿ
ನೆನೆದ ಭತ್ತದ ಮೂಟೆ ಎತ್ತಿ
ಜರಡಿಯ ಪಕ್ಕದಲ್ಲೇ ಕುಸಿದು
ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಹೋಗಿ
ಖಾಲಿಯಾಗಿ ಬಂದಳಲ್ಲ,
ಅದೂ ನಾಲ್ಕು ದಿನದ ಹೊಟ್ಟೆನೋವು.
ನನ್ನ ಅಕ್ಷರ ದುಂಡಗೆ. ಧಣಿ ಮೆಚ್ಚುತ್ತಿದ್ದರು.

ಬಾರದ ದಿನಕ್ಕೆ ಕಾಸಿಲ್ಲ.
ಬಂದು ನಡುವೆ ಸುಸ್ತಾಗಿ ಕೂತರೆ ಅರ್ಧ.
ಗಂಡಾಳು ಒಲೆಗೆ ಹೊಟ್ಟು ತಳ್ಳಿ
ಬೀಡಿ ಹಚ್ಚಿ ಕೂತರೆ ಅದು ಬೆಂಕಿ ಕಾಯುವ ಕೆಲಸ,
ಪೂರಾ ಸಂಬಳ.
ಅದೇ ಬೆಂಕಿಯೆದುರು ಬೆಳಗಿನ ಜಾವದಿಂದ
ಮರಳು ತಿರುವುವ ಹೆಂಗಸಿನ ಮೈ ಎಷ್ಟು ಕಾಯುತ್ತದೆ?
ಅದಕ್ಕೆ ನಾನು ಗೀಟು ಹಾಕಿರಲಿಲ್ಲ.

ಹೋದ ವರ್ಷದ ಶ್ರಾವಣ.
ಬಿಳಿ ಹೋಗುತ್ತೆ, ಸೊಂಟ ಎತ್ತಕ್ಕಾಗಲ್ಲ ಅಂತ
ನರ್ಸಿಂಗ್ ಹೋಮಿಗೆ ಹೋದವಳು ಹಾಲವ್ವ.
ಮಾತ್ರೆಯಲ್ಲೇ ವಾಸಿಯಾಗುತ್ತಿತ್ತೇನೋ, ಯಾರೂ ಹೇಳಲಿಲ್ಲ.
'ಮಕ್ಕಳಾದವಲ್ಲ, ಇನ್ಯಾಕದು, ತೆಗೆಸಿಬಿಡು' ಅಂದರಂತೆ.
ಮೂವತ್ತೊಂದು ಅವಳಿಗೆ.
ಮೂರು ವಾರಕ್ಕೇ ವಾಪಸು ಬಂದು
ಹೊಸ್ತಿಲಲ್ಲಿ ನಿಂತು ನಕ್ಕಳು:
'ಚೀಲ ತೆಗೆಸ್ಬಿಟ್ಟೆ ಕಣಕ್ಕ.
ಇನ್ನು ತಿಂಗಳಿಗೆ ಮೂರು ದಿನ ಮಿಗುತ್ತೆ.
ಹಾಕು ಲೆಕ್ಕ, ಎಷ್ಟು ಚೀಲ ಜಾಸ್ತಿ?'

ಹಾಕಿದೆ. ಲೆಕ್ಕದವಳಲ್ಲವೆ ನಾನು.
ದಿನಕ್ಕೆ ಹನ್ನೆರಡು, ಮೂರು ದಿನಕ್ಕೆ ಮೂವತ್ತಾರು,
ಚೀಲಕ್ಕೆ ಹತ್ತು ರೂಪಾಯಿ.
ಆಪರೇಷನ್ನಿನ ಸಾಲ ಮೂವತ್ತಾರು ಸಾವಿರ.
ನೂರು ತಿಂಗಳು, ಬಡ್ಡಿ ಬಿಟ್ಟು.
ಹೇಳಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿದೆ.

ಈಗ ನಡುರಾತ್ರಿ ಎದ್ದು ಕೂರುತ್ತಾಳಂತೆ,
ಕುಪ್ಪಸ ಒದ್ದೆ, ಮೈಯೆಲ್ಲ ಉರಿ.
'ಭಟ್ಟಿ ಒಳಗೇ ಹತ್ತಿಕೊಂಡೈತೆ' ಅನ್ನುತ್ತಾಳೆ,
ಮಂಡಕ್ಕಿ ತುಂಬುತ್ತಾ.

ಮೊನ್ನೆ ಮಂಗಳವಾರ ಕರಿಬಸಮ್ಮ ಮೇಜಿನ ಮುಂದೆ ಬಂದು ನಿಂತಳು.
ಇಪ್ಪತ್ನಾಲ್ಕರ ಹುಡುಗಿ, ಮೂರು ಮಕ್ಕಳು, ಹುಬ್ಬಿನ ಮೇಲೆ ಹೊಟ್ಟಿನ ಬೂದಿ.
'ಇನ್ನು ಸಾಕು, ಆಪರೇಷನ್ ಮಾಡ್ರಿ ಅಂದೆ.
ಗಂಡನ್ನ ಕರ್ಕಂಬಾ, ಸಹಿ ಬೇಕು ಅಂತಾರೆ.
ಅಲ್ಲಕ್ಕ,
ಇಲ್ಲಿ ನಾನು ತುಂಬಿದ ಚೀಲಕ್ಕೆ
ನನ್ನೊಬ್ಬಳ ಹೆಬ್ಬೆಟ್ಟು ಸಾಕಾಗುತ್ತೆ.
ನನ್ನೊಳಗಿನ ಚೀಲಕ್ಕೆ ಯಾಕೆ ಸಾಕಾಗಲ್ಲ?'

ಹಿಂದೆ ಜರಡಿಯ ಸದ್ದು ನಿಂತಿತ್ತು.

'ನಿನ್ನೆ ನಾನು ಬರಲಿಲ್ಲ' ಅಂದಳು.
'ಏನಂತ ಬರಕೊಂಡಿದೀಯ?'

ಆಗಲೇ ಬರೆದಿದ್ದೆ, ದುಂಡಗೆ.
ಹೊಡೆದುಹಾಕಿದೆ.
ಕೆಳಗೆ ಬರೆದೆ: ತನ್ನ ಹೊಟ್ಟೆಯ ಮಾತು
ತಾನೇ ಆಡಲು ಹೋಗಿದ್ದಳು.
ಮನೆ ಇಕ್ಕಟ್ಟು.
ಅಕ್ಷರಗಳು ಗೀಟು ದಾಟಿ ರೂಪಾಯಿಗೆ ನುಗ್ಗಿದವು.

ಮಾರನೆಯ ದಿನ ಅವಳ ಜೊತೆ ಆಸ್ಪತ್ರೆಗೆ ನಾನೂ ಹೋದೆ.
'ಗಂಡನ ಸಹಿ ಬೇಕೆಂಬ ಕಾನೂನು ಎಲ್ಲಿದೆ, ತೋರಿಸಿ' ಅಂದೆ.
ಫೈಲು ಹುಡುಕಿದರು. ಫ್ಯಾನು ತಿರುಗುತ್ತಿತ್ತು.
ತಾರೀಖು ಕೊಟ್ಟರು.

ಪುಸ್ತಕದಲ್ಲಿ ಈಗ
ನನ್ನ ಹೆಸರಿನ ಮುಂದೂ ಒಂದು ಬಾರದ ದಿನ.

ಸಂಜೆ ಜೈತೂನಬಿ ಬಂದು ಹಳೇ ಹಾಳೆ ತಿರುವಿಸಿದಳು.
ಓದು ಬಾರದು. 'ನಂದ್ಯಾವುದು?' ಎಂದು ಕೇಳಿ
ಆ ನಾಲ್ಕು ಸಾಲಿನ ಮೇಲೆ ಬೆರಳಿಟ್ಟಳು.
'ಹೆಸರಿಟ್ಟಿದ್ದೆ ಅದಕ್ಕೆ' ಅಂದಳು.
'ಅದನ್ನೂ ಬರಿ.'

ಬರೆಯುತ್ತಿದ್ದೆ. ಗೇಟಿನಲ್ಲಿ ಧಣಿಯ ಬೈಕು ನಿಂತ ಸದ್ದು.

ಹಾಲವ್ವ ಮಾತ್ರ ಏನೂ ಕೇಳಲಿಲ್ಲ.
ಖಾಲಿ ಚೀಲವೊಂದನ್ನು ಕೊಡವಿ,
ಅಂಚಿಗೆ ಅಂಚು ಸೇರಿಸಿ ಮಡಚಿ
ತೊಡೆಯ ಮೇಲಿಟ್ಟುಕೊಂಡು ಕೂತಳು.