ಗ್ರಾಹಕ

ಪರೇಲಿನ ಆಸ್ಪತ್ರೆ, ಮೂರನೇ ಮಹಡಿ, ಕಿಟಕಿಯಿಲ್ಲದ ಕೋಣೆ.
ಇಲ್ಲಿಗೆ ಮನುಷ್ಯರು ಬರುವುದಿಲ್ಲ, ಕೊಳವೆಗಳು ಬರುತ್ತವೆ,
ನೇರಳೆ ಮುಚ್ಚಳದವು, ಕೆಲವು ಇನ್ನೂ ಬೆಚ್ಚಗೆ.
ನಾನೂರ ಹದಿನೇಳು ಮಾತ್ರ ತಾನೇ ನಡೆದು ಬಂತು,
ಕಾವಲಿನವನ ಹತ್ತಿರ ಮರಾಠಿಯಲ್ಲಿ ಜಗಳವಾಡಿ,
ಫೋನಿನಲ್ಲಿ ನಾನು ಅವ್ವನಿಗೆ ‘ಅಕ್ಕಿ ನೆನಿ ಇಡು’ ಅಂದದ್ದು ಕೇಳಿಸಿಕೊಂಡು.
‘ಯಕ್ಕಾ, ನೀ ನಮ್ಮ ಕಡೆಯಾಕಿ!’

ಸೀತ್ಲಿಬಾಯಿ. ಬಿಜಾಪುರದಾಚೆಯ ತಾಂಡಾದವಳು.
ಸಸೂನ್ ಡಾಕಿನಲ್ಲಿ ಸಿಗಡಿ ಸುಲಿಯುತ್ತಾಳೆ.
ಬೆಳಗಿನ ನಾಲ್ಕಕ್ಕೆ ಕೂತರೆ ಹತ್ತರವರೆಗೆ
ತಲೆ ಕಿತ್ತು, ಚಿಪ್ಪು ಬಿಡಿಸಿ, ಬೆನ್ನಿನ ಕರಿ ಎಳೆ ಎಳೆದು,
ಡಬ್ಬಿಗಿಷ್ಟು ಎಂದು ಕೂಲಿ.
ಮೊಣಕೈವರೆಗೆ ದದ್ದು, ಉಗುರ ಸಂದಿಯಲ್ಲಿ ಬಿರುಕು,
ಮಾತಿನ ನಡುವೆ ಎದೆಯೊಳಗೊಂದು ಸಣ್ಣ ಸೀಟಿ.

‘ಇಪ್ಪತ್ತೆರಡ ವರ್ಷ ಸುಲದೀನಿ.
ಈಗ್ಯಾಕ ಸಿಟ್ಟ ಬಂತು ಸಿಗಡಿಗೆ, ನನ್ನ ಮ್ಯಾಲ?’

ಸಿಗಡಿಗಲ್ಲ ಸಿಟ್ಟು.
ಪುಸ್ತಕದಲ್ಲಿ ನಾವು ಅದನ್ನು ಗ್ರಾಹಕ ಎನ್ನುತ್ತೇವೆ.
ಚೌಕಾಶಿ ಮಾಡದ ಗಿರಾಕಿ, ಹೊಸ್ತಿಲು ಬಿಟ್ಟು ಕದಲದವನು,
ಜೀವಕೋಶದ ತೊಗಲಿನಲ್ಲಿ ಅರ್ಧ ಒಳಗೆ ಅರ್ಧ ಹೊರಗೆ,
ಎಂಟೂ ಹತ್ತರ ಲೋಕಲ್ಲಿಗೆ ಜೋತುಬಿದ್ದವನ ಹಾಗೆ.
ರಕ್ತದಲ್ಲಿ ತೇಲಿ ಬರುತ್ತದೆ ಒಂದು ಸುದ್ದಿ,
ಇಂಟರ್‌ಲ್ಯೂಕಿನ್ ನಾಲ್ಕು ಎಂದು ಅದರ ನಂಬರು.
ಇವನು ಅದನ್ನು ಹಿಡಿಯುತ್ತಾನೆ,
ಹಿಡಿದು ಪಕ್ಕದವನ ಭುಜಕ್ಕೆ ತಾಗುತ್ತಾನೆ.
ಒಬ್ಬನಿಂದಾಗದು. ಇಬ್ಬರೂ ತಾಗಿದರೆ
ಸುದ್ದಿ ಕೈಯಿಂದ ಕೈಗೆ ನಡುಮನೆಯವರೆಗೆ.
ಅಲ್ಲಿ ಯಾರೋ ಬಹಳ ಹಳೆಯ ಕಡತ ಬಿಚ್ಚುತ್ತಾರೆ:
ಹುಳ ಬಂದಿದೆ. ಆಯುಧ ಮಾಡಿ.

ಹುಳ. ಬರಿಗಾಲ ಕಾಲದ, ಕರುಳಿನ ಹುಳ.
ಲೋಳೆ ಸುರಿಸು, ತುರಿಕೆ ಎಬ್ಬಿಸು,
ಉಸಿರ ದಾರಿ ಬಿಗಿ, ಕೆಮ್ಮಿ ಆಚೆಗಟ್ಟು:
ಅದಕ್ಕೆಂದೇ ಕಲಿತ ವಿದ್ಯೆ ಇದೆಲ್ಲ.
ಸಿಗಡಿಯ ಮಾಂಸದೊಳಗೂ ಒಂದು ಎಳೆ
ಆ ಹುಳದ ಎಳೆಯಂತೆಯೇ ಹೊಸೆದಿದೆ.
ಗುರುತು ತಪ್ಪಿದ್ದು ಅಲ್ಲಿಯೇ ಏನು?
ದೊಡ್ಡವರಲ್ಲಿ ಇನ್ನೂ ವಾದವಿದೆ.

ನಾನು ಹುಳದ ಕತೆಯಷ್ಟೇ ಹೇಳಿದೆ.
ಅವಳ ರಕ್ತಕ್ಕೆ ಬಣ್ಣ ಹಚ್ಚಿದೆ.
ಕೋಶಗಳು ಲೇಸರಿನ ಮುಂದೆ ಒಂದೊಂದಾಗಿ ಹಾದವು,
ಪರದೆಯ ತುಂಬ ಚುಕ್ಕೆ.
‘ಇಷ್ಟೂ ನಂದೇನು?’
‘ನಿಂದೇ.’
‘ಬುಟ್ಟಿ ಚೆಲ್ಲಿದಂಗ ಐತಿ.’

ಆ ಗಿರಾಕಿಯ ಕೈ ಕಟ್ಟುವ ಮದ್ದು ಇದೆ,
ಎರಡು ವಾರಕ್ಕೊಂದು ಸೂಜಿ.
ಬೆಲೆ ಹೇಳಿದೆ.
ಬೆರಳ ಗೆಣ್ಣಿನಲ್ಲಿ ಡಬ್ಬಿ ಎಣಿಸಿದಳು. ಎಡಗೈ ಮುಗಿಯಿತು,
ಬಲಗೈ ಮುಗಿಯಿತು, ಸೀರೆ ಸರಿಮಾಡಿಕೊಂಡಳು.
ಡಾಕ್ಟರು ಚೀಟಿಯಲ್ಲಿ ಬರೆದದ್ದು ಇನ್ನೂ ಅಗ್ಗ:
ಕೆಲಸ ಬಿಡಬೇಕು.
ಓದಿ ಹೇಳಿದವಳು ನಾನು.

ಎದ್ದವಳು ಮತ್ತೆ ಪರದೆಯ ಕಡೆ ತಿರುಗಿದಳು.
‘ಹುಳ ಹೋಗ್ಯಾವಂತ ಅದಕ್ಕ ಯಾರೂ ಹೇಳಿಲ್ಲೇನು?’
‘ಹೇಳುವವರಿಲ್ಲ.’
‘ಪಾಪ. ಬೆಳತನಕ ಎಚ್ಚರಿರತೈತಿ. ಪಗಾರಿಲ್ಲ, ರಜಾ ಇಲ್ಲ.’

ನನ್ನ ಪಾಲಿನ ನೀಲಿ ಗ್ಲೌಸಿನ ಡಬ್ಬ ಕೊಟ್ಟು ಕಳಿಸಿದೆ.
ಮಾದರಿಗಳನ್ನು ಏಳು ದಿನಕ್ಕೆ ಎಸೆಯಬೇಕು; ನಾನೂರ ಹದಿನೇಳು
ಎಂಟನೆಯ ದಿನವೂ ಫ್ರಿಜ್ಜಿನಲ್ಲೇ ಇತ್ತು.
ಅವತ್ತು ಮಗಳು ಬಂದಿದ್ದಳು, ರಿಪೋರ್ಟಿಗೆ.
ಗ್ಲೌಸ್ ಹಾಕಿದರೆ ಸಿಗಡಿ ಜಾರುತ್ತದಂತೆ,
ಡಬ್ಬಿಗೆ ಹತ್ತು ನಿಮಿಷ ಹೆಚ್ಚಂತೆ.
ಅವ್ವ ಎಡಗೈಗೆ ಮಾತ್ರ ಹಾಕುತ್ತಾಳೆ,
ಅಂದಳು.