ಜಾಮೀನು ಅರ್ಜಿಯ ಎರಡು ಕಾಗದ

ಎರಡು ಕಾಗದ ಬಂದಿವೆ ಮೇಜಿಗೆ, ಒಂದೇ ಟ್ಯಾಗಿಗೆ ಪೋಣಿಸಿಕೊಂಡು.
ಸಂಜೆಯೊಳಗೆ ಕನ್ನಡವಾಗಬೇಕು.

ಒಂದು, ಆರೋಪಿಯ ಪರ ವಕೀಲರದು:
ಸಾರು ತಣ್ಣಗಿತ್ತು, ಕಕ್ಷಿದಾರರು ಲಿವಿಡ್ ಆಗಿದ್ದರು,
ಆ ಗಳಿಗೆಯಲ್ಲಿ ತಾವು ತಾವಾಗಿರಲಿಲ್ಲ.
ಇನ್ನೊಂದು, ಜಿಲ್ಲಾಸ್ಪತ್ರೆಯ ಡಾಕ್ಟರದು:
ಎಡ ಮುಂಗೈ, ಮೂರು ಇಂಚು ಉದ್ದ, ಒಂದೂವರೆ ಅಗಲ,
ಲಿವಿಡ್, ಮುಟ್ಟಿದರೆ ನೋವು.

ಟೈಪಿನ ತಪ್ಪೇನೋ ಅಂದುಕೊಂಡೆ.
ಹದಿನೇಳು ವರ್ಷ ಹಾಸನದ ಈ ಕೋರ್ಟಿನಲ್ಲಿ
ಇಂಗ್ಲಿಷನ್ನು ಕನ್ನಡಕ್ಕೆ ಇಳಿಸುತ್ತಾ ಕೂತವಳಿಗೆ
ಪದವೇನೂ ಹೊಸದಲ್ಲ.
ಟೀ ತಡವಾದರೆ ಸಾಹೇಬರು ಲಿವಿಡ್ಡು
ಅನ್ನುತ್ತಾನೆ ಬೆಂಚ್ ಕ್ಲರ್ಕ್ ಚಂದ್ರಹಾಸ.
ಕ್ಯಾಚ್ ಬಿಟ್ಟರೆ ಕ್ಯಾಪ್ಟನ್ ಲಿವಿಡ್ಡು, ಪೇಪರಿನಲ್ಲಿ.
ಸಿಟ್ಟಿನ ಇಲಾಖೆಯಲ್ಲಿ ಗೆಜೆಟೆಡ್ ಹುದ್ದೆ ಅದು;
ಆಂಗ್ರಿ ಅನ್ನುವುದು ಬಾಗಿಲ ಹೊರಗೆ ಸ್ಟೂಲಿನ ಮೇಲೆ.

ರಟ್ಟು ಕಿತ್ತ ನಿಘಂಟನ್ನು ಇಳಿಸಿ ನೋಡಿದೆ.
ಮೊದಲ ಅರ್ಥ ಸಿಟ್ಟೇ ಅಲ್ಲ.
ಸೀಸದ ಬಣ್ಣ. ಪೆಟ್ಟು ಬಿದ್ದ ಚರ್ಮದ ಬಣ್ಣ.
ಬಹಳ ಕಾಲದ ಮೇಲೆ ಯಾರದೋ ಮುಖ
ಕೋಪಕ್ಕೆ ರಕ್ತ ಬಸಿದು ಆ ಬಣ್ಣಕ್ಕೆ ತಿರುಗಿ
ಪದ ಅತ್ತ ಹೋಯಿತಂತೆ,
ಹೊಡೆಸಿಕೊಂಡವರ ಮೈಯಿಂದ
ಹೊಡೆಯುವವರ ಮುಖಕ್ಕೆ.

ನಮ್ಮಲ್ಲಿ ಸಿಟ್ಟೆಂದರೆ ಬೆಂಕಿಯ ಸಂತಾನ.
ಕಿಡಿಕಿಡಿಯಾದ, ಉರಿದುಬಿದ್ದ, ಮೈಯೆಲ್ಲ ಹೊತ್ತಿಕೊಂಡಿತು.
ಕಣ್ಣಂತೂ ಕೆಂಪೇ.
ನೀಲಿ ಸಿಟ್ಟನ್ನು ಯಾರೂ ಕಂಡಿಲ್ಲ
ಬಿ.ಎಂ. ರಸ್ತೆಯ ಉದ್ದಕ್ಕೂ.
ಎರಡಕ್ಕೂ ಸೇರಿ ‘ಕಂದು’ ಅನ್ನೋಣವೆಂದರೆ
ಮುಖ ಕಂದುವುದು ನಮ್ಮಲ್ಲಿ ಅವಮಾನಕ್ಕೆ,
ಅದೂ ಹೆಚ್ಚಾಗಿ ಹೆಂಗಸರದು.

ಕೆಂಡಾಮಂಡಲ ಅಂತ ಬರೆದೆ ಅವನಿಗೆ.
ಬರೆದ ಮೇಲೆ ಹೊಳೆಯಿತು:
ಬೆಂಕಿ ಅಂದರೆ ಆಕಸ್ಮಿಕ.
ಬಣವೆ ಸುಟ್ಟರೆ ಜನ ಗಾಳಿಯನ್ನು ಬೈಯುತ್ತಾರೆ.

ಅವಳಿಗೆ ಮೂಗೇಟು.
ಚಂದ್ರಹಾಸ ಇಣುಕಿ,
‘ಪೆಟ್ಟು ಮೂಗಿಗಲ್ಲ ಮೇಡಂ, ಕೈಗೆ’ ಅಂದ.
ಮೂಗಲ್ಲಪ್ಪಾ, ಮೂಗ. ಮಾತು ಬಾರದ ಏಟು.
ಚರ್ಮ ಹರಿಯದೆ, ತೊಟ್ಟು ರಕ್ತ ಕಾಣದೆ
ಒಳಗೇ ಹೆಪ್ಪುಗಟ್ಟುವಂಥದ್ದು.

ನಮ್ಮವ್ವ ಆಲೂಗಡ್ಡೆ ಮಂಡಿಯಲ್ಲಿ ಆಯುತ್ತಿದ್ದಳು.
ಮೂಟೆ ಎಸೆಯುವವರಿಗೆ ತಿಳಿಯದು, ಸಿಪ್ಪೆ ನುಣ್ಣಗೇ ಇರುತ್ತದೆ.
ಅವ್ವ ಹೆಬ್ಬೆರಳು ಒತ್ತಿ, ‘ಇದು ಬಿದ್ದದ್ದು, ಪಕ್ಕಕ್ಕಿಡು.’
ಕೊಯ್ದರೆ ಒಳಗೆ ಕರಿನೀಲಿ.
ಆ ಬಣ್ಣಕ್ಕೆ ಅವಳ ಬಾಯಲ್ಲಿ ಹೆಸರಿರಲಿಲ್ಲ.
ದರ ಇತ್ತು. ಅರ್ಧ.

ಜಯಶೀಲ ಬಂದಳು, ಗಾರ್ಮೆಂಟ್ಸಿನಲ್ಲಿ ಕಾಲರ್ ಕೂಡಿಸುವವಳು,
ಅರ್ಧ ದಿನದ ರಜೆ ಬರೆದಿಟ್ಟು.
ವರಾಂಡದ ಕಂಬಕ್ಕೆ ಒರಗಿ ಎರಡೂ ಕಾಗದ ಓದಿಸಿಕೊಂಡಳು,
ಇನ್ನೊಮ್ಮೆ ಓದಿಸಿಕೊಂಡಳು.
‘ಎಲ್ಲಾ ಸರಿ ಮೇಡಂ.
ಆದ್ರೆ ಸಿಟ್ಟು ಅವ್ನೊಬ್ಬನಿಗೇ ಬಂದಂಗೆ ಬರ್ದಿದೀರಲ್ಲ,
ನಂದೆಲ್ಲಿ?’

ಹುಡುಕಿದೆ.
ಉದ್ದ ಇತ್ತು, ಅಗಲ ಇತ್ತು, ಬಣ್ಣ ಇತ್ತು.
ವಯಸ್ಸೂ ಇತ್ತು, ಗಾಯದ್ದು: ಇಪ್ಪತ್ತನಾಲ್ಕು ಗಂಟೆಯೊಳಗಿನದು.
ಅವಳ ಸಿಟ್ಟಿಗೆ ಕಾಲಂ ಇರಲಿಲ್ಲ.
‘ಮೂಲದಲ್ಲಿ ಇಲ್ಲದ್ದನ್ನು ನಾನು ಸೇರಿಸುವ ಹಾಗಿಲ್ಲಮ್ಮ’
ಅಂದೆ. ನನ್ನ ಕೆಲಸದ ಮೊದಲ ನಿಯಮ ಅದು.
ಇದ್ದದ್ದನ್ನು ಬಿಡುವ ಹಾಗೂ ಇಲ್ಲ,
ಅದು ಎರಡನೆಯದು. ಅದನ್ನು ಹೇಳಲಿಲ್ಲ.

ರವಿಕೆಯ ತೋಳು ಸರಿಸಿ ಕೈ ಚಾಚಿದಳು.
ಹತ್ತು ದಿನವಾಗಿದೆ. ಅಂಚು ಹಸಿರು, ನಡುವೆ ಹಳದಿ.
‘ಬಣ್ಣ ಹೋಗ್ತಾ ಇದೆ ಮೇಡಂ,
ಅಷ್ಟರೊಳಗೆ ಏನಾದ್ರೂ ಬರ್ಕೊಳ್ಳಿ.’

ಐದೂಕಾಲು. ಚಂದ್ರಹಾಸ ಬೀಗದ ಗೊಂಚಲು ಅಲ್ಲಾಡಿಸುತ್ತಿದ್ದಾನೆ.
ನಾನಿನ್ನೂ ಎರಡನೇ ಕಾಗದದ ಆ ಪದದ ಮೇಲೆ
ಹೆಬ್ಬೆರಳು ಒತ್ತಿಕೊಂಡು ಕೂತಿದ್ದೇನೆ.