ಸಾವಿನ ಮನೆಗೆ ಬುತ್ತಿ

ರಜೆ ಅರ್ಜಿಯ ಆರನೇ ಸಾಲಿನಲ್ಲಿ ಪೆನ್ನು ನಿಂತಿತು.
ಸತ್ತವರು ನಿಮಗೆ ಏನಾಗಬೇಕು?
ಎಸ್ಪಿ ಕಚೇರಿಯ ಗುಮಾಸ್ತ ಪಾಲಯ್ಯ
ಕನ್ನಡಕ ಹಣೆಗೇರಿಸಿ ಕಾದ.
ಜಾಂಬಿಯಾ ಅಂದ್ರೆ ಎಲ್ಲಿ ಬಂತಮ್ಮ ಅದು?

ಮೂವರನ್ನೂ ನಾನು ನೋಡಿಲ್ಲ, ಪಾಲಯ್ಯ.
ತುಂಬಿದ ಹೊಳೆಯಲ್ಲಿ ದೋಣಿ ಮಗುಚಿತಂತೆ,
ಆಚೆ ದಡದ ಶಾಲೆಯಲ್ಲಿ ಸಿಕ್ಕಿಬಿದ್ದವರನ್ನು ತರಲು ಹೋದವರು.
ಒಬ್ಬ ಮುತಾಲೆಯ ಗಂಡ, ಅವನೂ ಪೊಲೀಸು.
ಮುತಾಲೆ ಯಾರು ಅಂದರೆ
ಅದಕ್ಕೆ ನಿಮ್ಮ ಫಾರಮ್ಮಿನಲ್ಲಿ ಜಾಗವಿಲ್ಲ.

ದಕ್ಷಿಣ ಸುಡಾನಿನ ಮಲಕಾಲಿನಲ್ಲಿ ನೀಲಿ ಟೋಪಿ ಹಾಕಿ
ನೀರಿನ ಸಾಲು ಕಾಯುತ್ತಿದ್ದ ವರ್ಷ
ಅಪ್ಪ ಇಲ್ಲಿ ಹೊಳಲ್ಕೆರೆಯಲ್ಲಿ ತೀರಿಕೊಂಡ.
ವಿಮಾನಕ್ಕೆ ಇನ್ನೂ ಐದು ದಿನ.
ತಗಡಿನ ಡಬ್ಬಿಯಂಥ ನಮ್ಮ ಕೋಣೆಯ ನೆಲದಲ್ಲಿ
ಬೂಟು ಬಿಚ್ಚಿ ಕೂತಳು ಮುತಾಲೆ,
ನನ್ನ ಬೆನ್ನಿಗೆ ಬೆನ್ನು ಹಚ್ಚಿ, ಬೆಳಗಿನ ತನಕ.
ಒಂದು ಮಾತಿಲ್ಲ. ಒಮ್ಮೆ ಸೊಳ್ಳೆ ಹೊಡೆದಳು, ಅಷ್ಟೆ.

ಮದುವೆಯ ಮುಯ್ಯಿ ಬರೆದಿಡಲು ನಮ್ಮಲ್ಲಿ ಪುಸ್ತಕವುಂಟು.
ಇದನ್ನು ಎಲ್ಲಿ ಬರೆಯುವುದು?

ಅತ್ತೆ ರಾತ್ರಿಯೆಲ್ಲ ರೊಟ್ಟಿ ಬಡಿದರು.
ಸಾವಿನ ಮನಿಯಾಗೆ ಒಲಿ ಹಚ್ಚಂಗಿಲ್ಲ,
ಬರಿಗೈಲಿ ಹೋಗ್ತಾರೇನೆ ಯಾರಾದ್ರೂ?
ಖಡಕ್ ರೊಟ್ಟಿ, ಚಳ್ಳಕೆರೆ ಶೇಂಗಾದ ಚಟ್ನಿಪುಡಿ,
ಎಂದೋ ಮುಯ್ಯಿ ಬಂದ ಸ್ಟೀಲು ಡಬ್ಬಿ,
ಕೊಟ್ಟವರ ಹೆಸರು ಅರ್ಧ ಸವೆದದ್ದು.
ಕ್ವಾರ್ಟರ್ಸಿನ ಆಚೆ ಗುಡ್ಡದ ಮೇಲೆ ಗಾಳಿಯಂತ್ರಗಳು
ನಿದ್ದೆ ಬಾರದವರ ಹಾಗೆ ಮಗ್ಗುಲು ಬದಲಿಸುತ್ತಿದ್ದವು.

ಹರಿಹರ ಟ್ರಾಫಿಕ್ಕಿನ ದಾದಾಪೀರ್ ಜೊತೆಗೆ ಬಂದರು,
ಅವರೂ ಆ ವರ್ಷ ಅಲ್ಲಿದ್ದವರು.
ಟಿಕೆಟ್ಟಿಗೆ ಇಬ್ಬರದೂ ಸೊಸೈಟಿ ಸಾಲ.
ಲುಸಾಕಾದಲ್ಲಿ ಕಸ್ಟಮ್ಸಿನವನು ಡಬ್ಬಿ ಮೂಸಿ
ಏನಿದು ಪುಡಿ ಎಂದ, ಸೀನಿದ.
ದಾದಾಪೀರ್ ತಮ್ಮ ಟ್ರಾಫಿಕ್ ಇಂಗ್ಲಿಷಿನಲ್ಲಿ
ಸಾವಿನ ಮನೆಗೆ, ಅಂದರು.
ಅವನು ಟೋಪಿ ತೆಗೆದ. ಮುಚ್ಚಳ ತಾನೇ ಒತ್ತಿ ಹಾಕಿದ.

ಕಸಾಮಾಕ್ಕೆ ಬಸ್ಸಿನಲ್ಲಿ ಒಂದಿಡೀ ಹಗಲು.
ಇಬ್ಬರ ಮಣ್ಣು ಮುಗಿದಿತ್ತು.
ಮುತಾಲೆಯ ಗಂಡನನ್ನು ಹೊಳೆ ಇನ್ನೂ ಕೊಟ್ಟಿರಲಿಲ್ಲ.
ಗಂಡಸರು ಅಂಗಳದಲ್ಲಿ, ಬೆಂಕಿಯ ಸುತ್ತ;
ದಾದಾಪೀರ್ ಅಲ್ಲೇ ಒಂದು ಮೊಳ ಜಾಗ ಹಿಡಿದರು.
ಯಾರೋ ಹೆಂಗಸು, ಕೇಳದೆಯೇ,
ನನ್ನ ಖಾಕಿ ಪ್ಯಾಂಟಿನ ಮೇಲೆ ಹೂವಿನ ಬಟ್ಟೆ ಸುತ್ತಿ
ಸೊಂಟಕ್ಕೆ ಗಂಟು ಹಾಕಿದಳು.

ಒಳಗೆ ನೆಲದ ಮೇಲೆ ಮುತಾಲೆ.
ಠಾಣೆಯ ಹುಡುಗಿಯರು ಅವಳ ಸುತ್ತ, ಬೂಟುಗಳೆಲ್ಲ ಬಾಗಿಲಲ್ಲಿ.
ಸಲ್ಯೂಟಿಗೆ ಎದ್ದ ನನ್ನ ಕೈ
ಏನು ಮಾಡಬೇಕೆಂದು ತಿಳಿಯದೆ ಇಳಿಯಿತು.
ಬೆನ್ನಿಗೆ ಬೆನ್ನು ಹಚ್ಚಿ ಕೂತೆ.
ಅವಳ ಉಸಿರು ನನ್ನ ಬೆನ್ನುಮೂಳೆಯಲ್ಲಿ ಎದ್ದು ಬೀಳುತ್ತಿತ್ತು.

ಮಧ್ಯಾಹ್ನ ನೆರೆಯವರು ತಂದರು ಮೆಕ್ಕೆಜೋಳದ ಬಿಳಿ ಮುದ್ದೆ.
ಮುರಿದು, ಉಂಡೆ ಕಟ್ಟಿ, ಚಟ್ನಿಪುಡಿಗೆ ಒತ್ತಿ
ಅವಳ ಬಾಯಿಗಿಟ್ಟೆ. ಕಣ್ಣಲ್ಲಿ ನೀರು ಬಂತು.
ಖಾರಕ್ಕೇ ಅಂದುಕೊಂಡೆವು ಇಬ್ಬರೂ.

ಐದನೇ ದಿನ ಎದ್ದೆವು.
ಸಾವಿನ ಮನೆಯಿಂದ ಹೊರಡುವಾಗ
ಬರ್ತೀನಿ ಅನ್ನಬಾರದು.
ಅವರಲ್ಲಿ ಏನು ರಿವಾಜೋ.
ಬಸ್ಸಿನ ತನಕ ಬಂದ ಮುತಾಲೆ
ನನ್ನ ಬಾಯನ್ನೇ ನೋಡುತ್ತ ನಿಂತಳು.
ಕೊನೆಗೆ ಕಿಟಕಿಯಿಂದ ಡಬ್ಬಿ ತುರುಕಿದಳು. ಭಾರವಿತ್ತು.

ಅತ್ತೆ ಅದನ್ನು ಹೊಸ್ತಿಲು ದಾಟಿಸಲಿಲ್ಲ.
ಹಾಜರಿ ವರದಿಯ ಜೊತೆ ಎಸ್ಪಿ ಕಚೇರಿಗೆ ಒಯ್ದೆ.
ಪಾಲಯ್ಯ ಫೈಲಿನ ಮೇಲೆ ಸಿಪ್ಪೆ ಗುಡ್ಡೆ ಹಾಕುತ್ತ
ನಮ್ ಚಳ್ಳಕೆರೆ ಶೇಂಗಾ ಇದ್ದಂಗೇ ಅದಾವಲ್ಲ, ಅಂದ.
ಇಲ್ಲ, ಇವು ಸ್ವಲ್ಪ ಸಣ್ಣವು, ಅಂದೆ.
ಫೋನು ಇನ್ನೊಮ್ಮೆ ನೋಡಿದೆ.